1565ರ ನಂತರದ ವಿಜಯನಗರವನ್ನು ಹುಡುಕುವ ಬಗೆ

ವಿಜಯನಗರವು 1565ರಲ್ಲಿ ಮುಗಿಯಿತೆಂದು ಓದಿಕೊಂಡು ಬಂದವರು ಮೊದಲು ಆ ಮಾತನ್ನು ಬದಿಗಿಡಬೇಕು. ರಕ್ಕಸಗಿ-ತಂಗಡಗಿಯ (ತಾಳಿಕೋಟೆಯ) ಯುದ್ಧದಲ್ಲಿ ಅಳಿಯ ರಾಮರಾಯನು ಮಡಿದದ್ದೂ ಹಂಪೆ ಹಾಳಾದದ್ದೂ ನಿಜ. ಆದರೆ ಅವನ ತಮ್ಮ ತಿರುಮಲನು ಹೆಸರಿಗಷ್ಟೇ ಅರಸನಾಗಿದ್ದ ಸದಾಶಿವರಾಯನನ್ನೂ ಬೊಕ್ಕಸವನ್ನೂ ಪೆನುಗೊಂಡೆಗೆ ಸಾಗಿಸಿದನು, ಮುಂದೆ ರಾಜಧಾನಿಯು ಚಂದ್ರಗಿರಿ, ವೇಲೂರುಗಳಿಗೆ ಸರಿಯಿತು.

ಆಮೇಲಿನ ಕಥೆಗೆ ನಿಮ್ಮ ತಾಲ್ಲೂಕಿನ ಶಾಸನಗಳೇ ಆಧಾರ. ಶಾಸನಪಾಠಗಳನ್ನು ಅಚ್ಚುಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು ತಾಲ್ಲೂಕುವಾರು ಜೋಡಣೆಯಾಗಿರುವುದರಿಂದ ಹುಡುಕುವುದು ಕಷ್ಟವಲ್ಲ. ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಿ: ಶಕವರ್ಷಕ್ಕೆ 78 ಕೂಡಿಸಬೇಕು, ತಿಥಿಯು ಮಾಘ, ಫಾಲ್ಗುಣಗಳದ್ದಾದರೆ ಸಾಮಾನ್ಯವಾಗಿ 79. ಶಾಸನದ ಸಂವತ್ಸರದ ಹೆಸರನ್ನೂ ತಾಳೆ ನೋಡಿ. 1564-65 ರಕ್ತಾಕ್ಷಿ ಸಂವತ್ಸರವೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದವನ್ನು ಎಣಿಸಬಹುದು.

ಅನಂತರ, ನನ್ನ ಮಟ್ಟಿಗೆ ಇದೇ ಮುಖ್ಯ ಕೆಲಸ, ಎರಡು ಹೆಸರುಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ: 'ಪೃಥ್ವೀರಾಜ್ಯಂಗೆಯ್ಯುತ್ತಿರಲು' (ಭೂಮಿಯನ್ನಾಳುತ್ತಿರಲು) ಎಂಬ ಮಾತಿಗೆ ಮೊದಲು ಬರುವ ರಾಯನದೊಂದು, ಎಂದರೆ ವಿಜಯನಗರದ ಅರಸನದು; ದತ್ತಿಯನ್ನು ಕೊಟ್ಟ ನಾಯಕನದೊಂದು, ಎಂದರೆ ಅವನ ಸಾಮಂತನದು. ಒಂದೇ ಮನೆತನದ ಹಲವು ದಶಕಗಳ ಶಾಸನಗಳನ್ನು ಹೀಗೆ ಸಾಲಾಗಿಟ್ಟು, ರಾಯನ ಹೆಸರು ಯಾವಾಗ ಬಿಟ್ಟುಹೋಗುತ್ತದೆಂದು ನೋಡಿ; ನಾಯಕನು ಸ್ವತಂತ್ರನಾದ ಸುಳಿವು ಅಲ್ಲಿರುತ್ತದೆ. ಒಂದೇ ಕಲ್ಲನ್ನು ಓದಿ ತೀರ್ಮಾನಕ್ಕೆ ಬರಬೇಡಿ. ಅಮರನಾಯಕರೆಂಬ ಈ ಸಾಮಂತರು ಸೇನೆಯನ್ನು ಸಾಕುವ ಕರಾರಿನ ಮೇಲೆ ಸೀಮೆಯ ಕಂದಾಯವನ್ನು ಮೊದಲಿನಿಂದಲೂ ತಾವೇ ಎತ್ತುತ್ತಿದ್ದುದರಿಂದ, ಅಧಿಕಾರವು ಕೈಬದಲಾಗುವುದಕ್ಕೆ ಬಹಳ ಹಿಂದೆಯೇ ಹಣವೂ ಆಳುಗಳೂ ಅವರ ಬಳಿಯಿದ್ದವು.

ದಂಗೆಯೆದ್ದವನು ರಾಯನ ಮುದ್ರೆಯನ್ನು ಬೇಡವೆನ್ನುತ್ತಾನೆಂದು ಭಾವಿಸಬಾರದು. ಮೈಸೂರಿನ ರಾಜ ಒಡೆಯರು 1610ರಲ್ಲಿ ರಾಯನ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು, ಹಂಪೆಯ ಮಹಾನವಮಿಯನ್ನು ನೆನಪಿಸುವ ದಸರೆಯನ್ನು ಅಲ್ಲಿ ಆಚರಿಸಿದರು. ಎರಡೇ ವರ್ಷಗಳಲ್ಲಿ ಆಗಿನ ರಾಯನಾದ ವೆಂಕಟಪತಿರಾಯನು ಅದೇ ಪಟ್ಟಣವನ್ನು ಅವರಿಗೆ ದತ್ತಿಯಾಗಿ ಬರೆದುಕೊಟ್ಟನು. ಕೊನೆಯ ರಾಯನಾದ ಮೂರನೆಯ ಶ್ರೀರಂಗನಿಗೆ ನೆಲೆ ತಪ್ಪಿದಾಗ ಬೇಲೂರಿನಲ್ಲಿ ಆಶ್ರಯ ಕೊಟ್ಟವನು ಸಾಮಂತ ಮನೆತನದ ಕೆಳದಿಯ ಶಿವಪ್ಪನಾಯಕನೇ.

ಶಾಸನಗಳು ಮುಗಿದ ಮೇಲೆ ವಸ್ತುಸಂಗ್ರಹಾಲಯದಲ್ಲಿ ನಾಣ್ಯಗಳ ಪೆಟ್ಟಿಗೆಯ ಮುಂದೆ ನಿಲ್ಲಿ. ವಿಜಯನಗರದ ಚಿನ್ನದ ನಾಣ್ಯವಾದ ವರಹದ ಮೇಲೆ ಕುಳಿತಿರುವ ಉಮಾಮಹೇಶ್ವರರು ಕೆಳದಿ ನಾಯಕರ ಇಕ್ಕೇರಿಯ ವರಹದ ಮೇಲೂ ಹಾಗೆಯೇ ಕುಳಿತಿದ್ದಾರೆ. 1763ರಲ್ಲಿ ಆ ನಾಯಕರ ರಾಜಧಾನಿಯಾಗಿದ್ದ ಬಿದನೂರನ್ನು ಗೆದ್ದ ಹೈದರಾಲಿಯು ಹೊರಡಿಸಿದ ಚಿನ್ನದ ನಾಣ್ಯವನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರವಿದೆ. ಮುಂಬದಿಯಲ್ಲಿ ಅದೇ ಶಿವ, ಅದೇ ಪಾರ್ವತಿ.