12 ಮೀಟರ್ ಟೆರೇಸಿಗೆ 20 ಮೀಟರ್ ಆಂಟೆನಾ

ಮಂಗಳೂರಿನ ಫ್ಲ್ಯಾಟ್‌ಗಳಲ್ಲಿರುವ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, ದೊಡ್ಡ ತಲೆನೋವು ಜಾಗದ್ದು. ನಡುವೆ ಕೇಬಲ್ ಸೇರುವ ಎರಡು ತುಂಡು ವೈರಿನ ಆಂಟೆನಾವೇ ಡೈಪೋಲ್. 40 ಮೀಟರ್ ಬ್ಯಾಂಡಿಗೆ (ಸುಮಾರು 40 ಮೀಟರ್ ಉದ್ದದ ಅಲೆ, 7 ಮೆಗಾಹರ್ಟ್ಸ್ ಆಸುಪಾಸು) ಅದರ ಉದ್ದ ತಿಳಿಯಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. 7.1ಕ್ಕೆ ಸುಮಾರು 20 ಮೀಟರ್ ಬರುತ್ತದೆ. ಟೆರೇಸ್ ಇರುವುದು 12 ಮೀಟರ್!

ಕಾಯಿಲ್ ಹಾಕಿ ವೈರ್ ಗಿಡ್ಡ ಮಾಡಬಹುದು. ಆದರೆ ಕಾಯಿಲಿನಲ್ಲಿ ಸ್ವಲ್ಪ ಶಕ್ತಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ವೈರನ್ನು ಬಗ್ಗಿಸುವುದೇ ಮೇಲು. ಡೈಪೋಲಿನಲ್ಲಿ ಕರೆಂಟ್ ಜಾಸ್ತಿ ಇರುವುದು ನಡುವೆ, ತುದಿಯಲ್ಲಿ ಸೊನ್ನೆ. ಹಾಗಾಗಿ ತುದಿ ಮಡಚಿದರೆ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ.

ಮೊದಲು ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಪಡೆಯಿರಿ. ಆಮೇಲೆ ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ವೈರನ್ನು 10.3 ಮೀಟರಿನಂತೆ ಎರಡು ತುಂಡು ಮಾಡಿ. ಟೆರೇಸಿನ ನಡುವೆ 5 ಮೀಟರ್ ಪಿವಿಸಿ ಕಂಬ ನಿಲ್ಲಿಸಿ, ಹಗ್ಗದಿಂದ ಬಿಗಿಯಿರಿ. ವೈರುಗಳನ್ನು ಅದರ ತುದಿಯಿಂದ ಎರಡು ಕಡೆಗೂ ಇಳಿಸಿ, ಟೆರೇಸಿನ ಎರಡೂ ಕೊನೆಯಲ್ಲಿ 2.5 ಮೀಟರ್ ಎತ್ತರದ ಕೋಲಿಗೆ ಕಟ್ಟಿ. ಒಂದೊಂದು ಕಡೆ 6.5 ಮೀಟರ್ ಮುಗಿಯುತ್ತದೆ. ಉಳಿದದ್ದನ್ನು ಪ್ಯಾರಾಪೆಟ್ ಉದ್ದಕ್ಕೂ, ಅದೇ ಎತ್ತರದಲ್ಲಿ ಪಕ್ಕಕ್ಕೆ ತಿರುಗಿಸಿ. ತುದಿಯಲ್ಲಿ ವೋಲ್ಟೇಜ್ ತುಂಬಾ ಇರುತ್ತದೆ. ಬಟ್ಟೆ ಒಣಗಿಸುವವರ ಕೈಗೆ ಎಟುಕಬಾರದು.

ಕಂಬದ ತುದಿಯಲ್ಲಿ, ರೇಡಿಯೋದಿಂದ ಬಂದ ಕೇಬಲ್ (ಕೋಯಾಕ್ಸ್) ವೈರುಗಳಿಗೆ ಸೇರುವಲ್ಲಿ, ಅದೇ ಕೇಬಲನ್ನು 4 ಇಂಚಿನ ಪಿವಿಸಿ ಪೈಪಿಗೆ ಹತ್ತು-ಹನ್ನೆರಡು ಸುತ್ತು ಸುತ್ತಿ. ಇಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾ ಆಗಿಬಿಡುತ್ತದೆ, ಪಕ್ಕದ ಮನೆಯ ಟಿವಿ, ಸ್ಪೀಕರಿಗೂ ತೊಂದರೆ.

ಈಗ ಕಡಿಮೆ ಪವರಿನಲ್ಲಿ ಎಸ್‌ಡಬ್ಲ್ಯುಆರ್ ನೋಡಿ. ಆಂಟೆನಾ ರೇಡಿಯೋಗೆ ಎಷ್ಟು ಹೊಂದುತ್ತದೆ ಎಂಬ ಅಳತೆ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಬ್ಯಾಂಡಿನ ಕೆಳತುದಿಯಾದ 7.0 ಮೆಗಾಹರ್ಟ್ಸ್ ಕಡೆಗೆ ಹೋದಷ್ಟೂ ಮೀಟರ್ ಕಡಿಮೆ ತೋರಿಸಿದರೆ ವೈರ್ ಉದ್ದವಾಗಿದೆ ಎಂದರ್ಥ. ಪ್ರತಿ ಕಡೆ 10 ಸೆಂಟಿಮೀಟರ್ ಕಡಿಮೆ ಮಾಡಿದರೆ ಟ್ಯೂನ್ ಸುಮಾರು 70 ಕಿಲೋಹರ್ಟ್ಸ್ ಮೇಲೆ ಬರುತ್ತದೆ. ಕತ್ತರಿಸಲು ಅವಸರ ಬೇಡ. ತುದಿಯನ್ನು ಹಿಂದಕ್ಕೆ ಮಡಚಿ, ವೈರಿಗೇ ಬಿಗಿಯಾಗಿ ಸುತ್ತಿ ನೋಡಿ.

ನಮ್ಮ ಊರಿನಲ್ಲಿ ಇನ್ನೊಂದು ಶತ್ರು ಇದೆ, ಉಪ್ಪುಗಾಳಿ. ನನ್ನ ಮೊದಲ ಆಂಟೆನಾ ಜೂನ್ ಮಳೆಗೆ ಕೆಟ್ಟಿತು. ಟೇಪ್ ಬಿಚ್ಚಿದರೆ ತಾಮ್ರಕ್ಕೆ ಹಸಿರು ಕಿಲುಬು, ಕೇಬಲಿನ ಹೆಣಿಗೆಯೊಳಗೆ ಒಂದು ಗೇಣು ಕಪ್ಪು ನೀರು. ಅಂದಿನಿಂದ ಬೆಸುಗೆ ಹಾಕದೆ, ರಬ್ಬರ್ ಟೇಪ್ ಎಳೆದು ಸುತ್ತದೆ ಬಿಡುವುದಿಲ್ಲ. ಕೇಬಲ್ ಕಿಟಕಿ ದಾಟುವ ಮೊದಲು ಕೆಳಕ್ಕೆ ಒಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಹಂಚಿನ ಮನೆಯವರು ಪುಣ್ಯವಂತರು. ಪಕ್ಕಾಸಿನ ಕೆಳಗೇ ವೈರ್ ಎಳೆಯಬಹುದು, ಅಲೆಗಳು ಹಂಚನ್ನು ದಾಟುತ್ತವೆ. ಹಂಚು ನೆನೆದಾಗ ಟ್ಯೂನ್ ಸ್ವಲ್ಪ ಕೆಳಗಿಳಿಯಬಹುದು, ಅಷ್ಟೇ. ಟೆರೇಸಿಗೆ ತಗಡಿನ ಶೀಟ್ ಹಾಕಿದ್ದರೆ ಅದರ ಕೆಳಗೆ ಪ್ರಯತ್ನಿಸಲೇಬೇಡಿ. ಕಂಬ ಶೀಟಿನ ಮೇಲಕ್ಕೆ ಏರಬೇಕು.

ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗಿನ ಸೂಚನೆ ಕಂಡರೆ ಕಾಯಬೇಡಿ. ಆಕಾಶ ಕಪ್ಪಾಗುವ ಮೊದಲೇ ಕೇಬಲನ್ನು ರೇಡಿಯೋದಿಂದ ಬಿಚ್ಚಿ, ಕಿಟಕಿಯ ಹೊರಗೆ ಇಡಿ. ಸಿಡಿಲು ಶುರುವಾದ ಮೇಲೆ ಅದನ್ನು ಮುಟ್ಟಬಾರದು.