ಗೂಡಿನ ತಟ್ಟೆಯಲ್ಲಿ ನಡುಗಿದ ಫೋನು

ಚಿಕ್ಕಬಳ್ಳಾಪುರದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ ಕೊನೆಯ ವರ್ಷ ನಮಗೆ ಒಂದು ಪ್ರಾಜೆಕ್ಟ್ ಕೊಟ್ಟರು. ಪೂರ್ತಿ ಸಿನಿಮಾ ಬೇಡ. ಇನ್ನೂ ಯಾರೂ ತೆಗೆಯದ ಒಂದು ಥ್ರಿಲ್ಲರ್ ಸಿನಿಮಾದ ಮೊದಲ 2 ನಿಮಿಷ ಮಾತ್ರ, ಟೈಟಲ್ ಸಮೇತ. ಜೊತೆಗೆ ಯಾಕೆ ಹಾಗೆ ಮಾಡಿದಿರಿ ಅಂತ ಒಂದು ವರದಿ. ನಾವು ನಾಲ್ಕು ಜನ: ಶಿಡ್ಲಘಟ್ಟದ ನಾನು, ಬಾಗೇಪಲ್ಲಿಯ ಗೆಳತಿ, ಗೌರಿಬಿದನೂರಿನ ಇಬ್ಬರು ಹುಡುಗರು. ಈ ವರ್ಷ ಅದೇ ಕೆಲಸಕ್ಕೆ ಕೈ ಹಾಕಿರುವ ಜೂನಿಯರ್‌ಗಳು ಕೇಳುತ್ತಿದ್ದಾರೆ, ಅದಕ್ಕೆ ನಾವು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಮೊದಲ ಸಲ ಮಾಡಿದ್ದು ಪೂರ್ತಿ ಹೋಯಿತು. ಬೆಳಗಿನ ಜಾವ ಎರಡು ಬೈಕಿನಲ್ಲಿ ನಂದಿಬೆಟ್ಟಕ್ಕೆ ಹೋದೆವು. ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ತೆಗೆದೆವು. ಅದರ ಮೇಲೆ ಒಂದು ದನಿ ಬಂದು, ಈ ಊರಿನಲ್ಲಿ ಒಂದು ಗುಟ್ಟಿದೆ, ಹತ್ತು ವರ್ಷದ ಹಿಂದೆ ಹೀಗಾಯಿತು, ಹಾಗಾಯಿತು ಅಂತ ಹೇಳುತ್ತಾ ಹೋಗುತ್ತದೆ. ನಮಗೆ ತುಂಬ ಇಷ್ಟವಾಗಿತ್ತು. ಮೇಡಂ ಎರಡು ಸಲ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಎಲ್ಲಾ ನೀವೇ ಹೇಳಿಬಿಟ್ರಲ್ಲಾ, ಇನ್ನು ಮೂರನೇ ನಿಮಿಷ ನಾನ್ಯಾಕೆ ಕೂತಿರಬೇಕು?"

ಆ ದಿನ ಸಂಜೆ ಶಿಡ್ಲಘಟ್ಟದ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಬೀದಿ ಕೊನೆಯಲ್ಲಿ ಒಂದು ರೇಷ್ಮೆ ರೀಲಿಂಗ್ ಯೂನಿಟ್ ಇದೆ. ಗೂಡನ್ನು ಬೇಯಿಸಿ ನೂಲು ತೆಗೆಯುವ ಜಾಗ. ಚಿಕ್ಕಂದಿನಿಂದ ಆ ರಾಟೆಯ ಸದ್ದು ಕೇಳಿಕೊಂಡೇ ಬೆಳೆದಿದ್ದೇನೆ, ಎಷ್ಟರಮಟ್ಟಿಗೆ ಅಂದರೆ ಅದು ಕಿವಿಗೆ ಬೀಳುವುದೇ ಇಲ್ಲ. ಅವತ್ತು ಅಲ್ಲಿ ಹಾದು ಹೋಗುವಾಗ ಯೂನಿಟ್ ನಡೆಸುವ ಚಾಚಾ ಬಾಗಿಲಲ್ಲಿ ಯಾರ ಜೊತೆಗೋ ಮಾತಾಡುತ್ತಾ ನಿಂತಿದ್ದರು. ಬೆನ್ನು ಒಳಗಡೆಗೆ. ಮಾತಿನ ಮಧ್ಯೆ ಸಟಕ್ಕನೆ ತಿರುಗಿ "ಮೂರನೇದು ನೋಡು" ಅಂತ ಕೂಗಿದರು. ಮೂರನೇ ಬೇಸಿನ್, ಅಂದರೆ ಬೆಂದ ಗೂಡು ಹಾಕುವ ಬಿಸಿನೀರಿನ ತೊಟ್ಟಿ, ಅದರ ಹತ್ತಿರ ಏನೋ ತಪ್ಪಿತ್ತು. ಅವರು ನೋಡಿರಲಿಲ್ಲ, ಸದ್ದು ಬದಲಾಗಿದ್ದು ಕೇಳಿಸಿತ್ತು ಅಷ್ಟೆ. ನನಗೆ ಏನೂ ಕೇಳಿಸಿರಲಿಲ್ಲ.

ನಮ್ಮ ಓಪನಿಂಗ್ ಸೀಕ್ವೆನ್ಸ್ ಹುಟ್ಟಿದ್ದು ಅಲ್ಲಿ. ನೋಡುವವರ ಕಿವಿಗೆ ಮೊದಲು ಒಂದು ಸದ್ದನ್ನು ರೂಢಿ ಮಾಡಿಸಬೇಕು. ಆಮೇಲೆ ಅದು ತಪ್ಪಬೇಕು. ಆಗ ಅವರೇ ತಲೆ ಎತ್ತಿ ನೋಡುತ್ತಾರೆ.

ಕಥೆ ಇಷ್ಟೇ. ಒಬ್ಬ ಹೆಂಗಸು ರೀಲಿಂಗ್ ಯೂನಿಟ್‌ನಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದಾಳೆ. ಮಾರುಕಟ್ಟೆಯಿಂದ ಆವತ್ತೇ ತಂದ ಗೂಡು ಪಕ್ಕದ ತಟ್ಟೆಯಲ್ಲಿದೆ. ಆ ಗೂಡಿನ ರಾಶಿಯೊಳಗೆ ಒಂದು ಫೋನು ವೈಬ್ರೇಟ್ ಆಗುತ್ತದೆ. ಅವಳ ಕೈ ನಿಲ್ಲುತ್ತದೆ. ರಾಟೆ ತಿರುಗುತ್ತಲೇ ಇರುತ್ತದೆ. ಎಳೆ ಕಡಿಯುತ್ತದೆ. ಟೈಟಲ್. ಯಾರ ಫೋನು, ಹೇಗೆ ಬಂತು, ಏನನ್ನೂ ಹೇಳುವುದಿಲ್ಲ. ಮುಖವನ್ನೂ ತೋರಿಸುವುದಿಲ್ಲ.

ಮೊದಲು ಕಾಲೇಜಿನಿಂದ ಎರಡು ಪತ್ರ ಮಾಡಿಸಿಕೊಂಡೆವು, ಒಂದು ಚಾಚಾಗೆ, ಒಂದು ಗೂಡಿನ ಮಾರುಕಟ್ಟೆ ಕಚೇರಿಗೆ. ಚಾಚಾಗೆ ಪತ್ರ ಬೇಕಿರಲಿಲ್ಲ. "ಗೂಡು ತಂದ ಮೇಲೆ ಇಟ್ಕೊಂಡು ಕೂರಕ್ಕಾಗಲ್ಲಮ್ಮಾ, ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದ್ರೆ ಎಳೆ ಹೋಯ್ತು. ಕೆಲಸ ನಿಲ್ಲಿಸಬೇಡಿ, ಬೇಕಾದ್ದು ತೆಗೀರಿ" ಅಂದರು. ಮಾರುಕಟ್ಟೆಯಲ್ಲಿ ಮಾತ್ರ ಪತ್ರ ಇದ್ದದ್ದು ಒಳ್ಳೆಯದಾಯಿತು. ಹರಾಜು ನಡೆಯುವಾಗ ಅಲ್ಲಿ ರೈತರ ದುಡ್ಡಿನ ವಿಷಯ ಇರುತ್ತದೆ, ಯಾರೋ ನಾಲ್ಕು ಹುಡುಗರು ಕ್ಯಾಮೆರಾ ಹಿಡಿದು ಓಡಾಡಿದರೆ ಯಾರಿಗಾದರೂ ಕಸಿವಿಸಿ ಆಗುತ್ತೆ ಅಲ್ವಾ. ಕೊನೆಗೆ ಅಲ್ಲಿ ಚಿತ್ರ ತೆಗೆಯಲೇ ಇಲ್ಲ, ಸದ್ದು ಮಾತ್ರ ತೆಗೆದುಕೊಂಡು ಬಂದೆವು.

ಯೂನಿಟ್ ಒಳಗೆ ನಮಗೆ ಮೊದಲು ಸಿಕ್ಕ ತೊಂದರೆ ಹಬೆ. ಕಣ್ಣಿಗೆ ಇಡೀ ಕೋಣೆ ಹಬೆ ತುಂಬಿ ಕಾಣುತ್ತದೆ, ನಾವು ಚಿತ್ರ ತೆಗೆಯುತ್ತಿದ್ದ ಫೋನಿನಲ್ಲಿ ನೋಡಿದರೆ ಏನೂ ಇಲ್ಲ, ಸುಮ್ನೆ ಬಿಳಿಚಿಕೊಂಡ ಗೋಡೆ. ಒಂದು ಗಂಟೆ ಒದ್ದಾಡಿದ ಮೇಲೆ ಗೌರಿಬಿದನೂರಿನ ಹುಡುಗ ನಮ್ಮ ಎಲ್‌ಇಡಿ ಬಲ್ಬನ್ನು ಕ್ಯಾಮೆರಾ ಪಕ್ಕದಿಂದ ತೆಗೆದು ಬೇಸಿನ್ ಹಿಂದೆ, ಕ್ಯಾಮೆರಾಗೆ ಎದುರಾಗಿ, ಒಂದು ಗೂಡಿನ ಬುಟ್ಟಿಯ ಮರೆಯಲ್ಲಿ ಇಟ್ಟ. ಟ್ಯೂಬ್‌ಲೈಟ್ ಆರಿಸಿದೆವು. ಹಿಂದಿನ ಗೋಡೆ ಕಪ್ಪಾಯಿತು. ಆಗ ನೋಡಿ, ನೀರಿನಿಂದ ಏಳುವ ಒಂದೊಂದು ಹಬೆಯ ಸುರುಳಿಯೂ ಹೊಳೆಯತೊಡಗಿತು. ಹಬೆ, ಹೊಗೆ, ಮಳೆ, ಧೂಳು ಯಾವುದೇ ಇರಲಿ, ಬೆಳಕು ಅದರ ಹಿಂದಿನಿಂದ ಬರಬೇಕು, ಅದರ ಹಿಂದೆ ಕಪ್ಪು ಇರಬೇಕು. ಇನ್ನೊಂದು ಮಾತು, ಚಳಿಯಲ್ಲಿ ಹೊರಗಿನಿಂದ ಬಂದ ಲೆನ್ಸ್ ಮೇಲೆ ತಕ್ಷಣ ನೀರು ಕೂರುತ್ತದೆ. ಫೋನನ್ನು ಒಳಗೆ ತಂದು ಹದಿನೈದು ನಿಮಿಷ ಹಾಗೇ ಇಟ್ಟು ಆಮೇಲೆ ಶುರು ಮಾಡಿ. ಒರೆಸುತ್ತಾ ಕೂತರೆ ಮತ್ತೆ ಮತ್ತೆ ಕೂರುತ್ತದೆ.

ಟ್ಯೂಬ್‌ಲೈಟ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರಿಗೆ ಒಂದು ವಿಷಯ. ನಮ್ಮ ಕರೆಂಟು 50 ಹರ್ಟ್ಸ್. ಫೋನು ತಾನಾಗಿ ಸೆಕೆಂಡಿಗೆ 30 ಫ್ರೇಮಿನಲ್ಲಿ (ಫ್ರೇಮು ಅಂದರೆ ಒಂದು ಬಿಡಿ ಚಿತ್ರ), ತನಗೆ ತೋಚಿದ ಶಟರ್ ವೇಗದಲ್ಲಿ ತೆಗೆದರೆ ಚಿತ್ರದ ಮೇಲೆ ಪಟ್ಟೆ ಪಟ್ಟೆ ಓಡುತ್ತವೆ. ಪ್ರೊ ಮೋಡ್‌ಗೆ ಹೋಗಿ 25 ಫ್ರೇಮ್, ಶಟರ್ 1/50 ಸೆಕೆಂಡು ಇಟ್ಟರೆ ಸರಿಹೋಗುತ್ತದೆ. ನಮ್ಮ ಮೊದಲ ದಿನದ ಅರ್ಧ ಶಾಟುಗಳು ಆ ಪಟ್ಟೆಗಳಿಗೇ ಹೋದವು.

ಇನ್ನು ಕೈಗಳು. ನಟಿಸಬೇಕಾಗಿದ್ದು ಬಾಗೇಪಲ್ಲಿಯ ಗೆಳತಿ. ಅವಳಿಗೆ ಕಂಪನಿ ನಾಟಕ, ಬೀದಿ ನಾಟಕ ಎಲ್ಲ ಗೊತ್ತು. ಆದರೆ ಅವಳ ಕೈ ಕ್ಲೋಸಪ್‌ನಲ್ಲಿ ನೀರಿನೊಳಗೆ ಹೋದ ಕೂಡಲೇ ನಮಗೆಲ್ಲ ಗೊತ್ತಾಯಿತು, ಇದು ಆ ಕೆಲಸದ ಕೈ ಅಲ್ಲ. ನೀರು ಮುಟ್ಟುವ ಮುಂಚೆಯೇ ಬೆರಳು ಅಳುಕುತ್ತಿತ್ತು. ಪಕ್ಕದ ಬೇಸಿನ್‌ನಲ್ಲಿ ಕೂತಿದ್ದ ಅಕ್ಕ ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವರು. ಬೆರಳ ತುದಿಗಳು ಬಿಳಿಚಿ, ನೆನೆದು, ಗೆರೆ ಗೆರೆಯಾಗಿದ್ದವು. ಬೆಂದ ಗೂಡುಗಳ ಮೇಲೆ ಕೈಯಾಡಿಸಿ ಎಳೆಯ ತುದಿ ಹುಡುಕಿ, ಏಳೆಂಟು ಗೂಡಿನ ಎಳೆಗಳನ್ನು ಒಟ್ಟು ಮಾಡಿ ಸಣ್ಣ ತೂತಿನಲ್ಲಿ ತೂರಿಸಿ ರಾಟೆಗೆ ಕೊಡುವುದು, ಇದೆಲ್ಲ ಅವರು ಮಾಡುವಾಗ ಕಣ್ಣು ಬೇರೆ ಕಡೆ ಇರುತ್ತಿತ್ತು. ಒಂದು ಎಳೆ ಕಣ್ಣಿಗೆ ಕಾಣುವುದೇ ಕಷ್ಟ, ಅವರ ಬೆರಳಿಗೆ ಸಿಗುತ್ತಿತ್ತು.

"ಅಕ್ಕಾ, ನಿಮ್ಮ ಕೈ ತೆಗೆದುಕೊಳ್ಳಲಾ?" ಅಂತ ಕೇಳಿದೆ. "ಮುಖ ಬೇಡಮ್ಮಾ, ಮನೇಲಿ ಬೈತಾರೆ. ಕೈಯಾದ್ರೆ ತಗೋ" ಅಂದರು. ಎಲ್ಲ ಕ್ಲೋಸಪ್‌ಗಳೂ ಅವರದೇ. ಗೆಳತಿ ಇರುವುದು ಬೆನ್ನು ಕಾಣುವ ಒಂದು ಶಾಟಿನಲ್ಲಿ ಮಾತ್ರ. ಇಬ್ಬರಿಗೂ ಒಂದೇ ಬಣ್ಣದ ಬಳೆ ಹಾಕಿಸಿದೆವು, ನಾಲ್ಕು ಹಸಿರು ಬಳೆ. ಎರಡನೇ ದಿನ ಅದರಲ್ಲಿ ಒಂದು ಒಡೆದು ಮೂರಾಗಿತ್ತು. ದಿನದ ಕೊನೆಗೆ ಬಳೆ, ಬಟ್ಟೆ, ತಟ್ಟೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳುವ ಅಭ್ಯಾಸ ಇದ್ದದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಬಳೆ ಎಣಿಸುತ್ತಾ ಕೂರಬೇಕಿತ್ತು.

ಫೋನು ವೈಬ್ರೇಟ್ ಆಗುವ ಶಾಟ್ ನಮಗೆ ಎರಡು ಬೆಳಗು ತಿಂದಿತು. ಗೂಡಿನ ರಾಶಿ ನಡುಗುವುದು ಕಾಣಬೇಕು, ಫೋನು ಕಾಣಬಾರದು. ಗೋಣಿಚೀಲದ ಮೇಲೆ ಇಟ್ಟರೆ ಚೀಲ ಎಲ್ಲವನ್ನೂ ನುಂಗಿತು. ಅಲ್ಯುಮಿನಿಯಂ ತಟ್ಟೆಯಲ್ಲಿ ಗಡಗಡ ಅಂತ ಒಂದು ಲಾರಿ ಹೋದ ಹಾಗೆ ಸದ್ದು. ಕೊನೆಗೆ ಬಿದಿರಿನ ತಟ್ಟೆಯಲ್ಲಿ ಇಟ್ಟು, ಮೇಲೆ ಎರಡೇ ಪದರ ಗೂಡು ಹರಡಿದೆವು. ಗೂಡು ಹಗುರ, ಒಳಗೆ ಹುಳ ಒಣಗಿ ಸಡಿಲವಾಗಿದ್ದರೆ ಅಲ್ಲಾಡಿಸಿದಾಗ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ತಟ್ಟೆ ನಡುಗಿದಾಗ ಆ ನೂರಾರು ಗಿಲಕಿಗಳು ಒಟ್ಟಿಗೆ ಸಣ್ಣಗೆ ಕಲಕಿದವು. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಮೈ ಜುಮ್ಮೆಂದಿತು. ಇನ್ನೊಂದು ಫೋನನ್ನು ತಟ್ಟೆಯ ಕೆಳಗೆ ದಿಂಬಿನ ಕವರಿನಲ್ಲಿ ಸುತ್ತಿಟ್ಟು ಆ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡೆವು.

ಸದ್ದಿಗೆ ನಾವು ಚಿತ್ರದಷ್ಟೇ ದಿನ ಕೊಟ್ಟೆವು, ನೀವೂ ಕೊಡಿ ಅಂತ ಕೈ ಮುಗಿದು ಕೇಳುತ್ತೇನೆ. ರಾಟೆ ಹತ್ತಿರದಿಂದ, ದೂರದಿಂದ, ಬಾಗಿಲಾಚೆಯಿಂದ. ಒಲೆಗೆ ಸೌದೆ ತುರುಕುವುದು. ನೀರು ಕುದಿಯುವುದು. ಮೋಟರ್ ನಿಲ್ಲಿಸಿದ ಮೇಲೆ ಖಾಲಿ ಕೋಣೆಯ ಸದ್ದು ಒಂದು ನಿಮಿಷ. ಈ ಕೊನೆಯದನ್ನು ಯಾರೂ ಮರೆಯಬೇಡಿ. ಖಾಲಿ ಕೋಣೆಗೂ ಅದರದೇ ಸದ್ದು ಇರುತ್ತದೆ, ಎಡಿಟಿಂಗ್‌ನಲ್ಲಿ ಎರಡು ತುಂಡು ಜೋಡಿಸುವಾಗ ಅದನ್ನು ಕೆಳಗೆ ಹಾಸದಿದ್ದರೆ ಒಂದೊಂದು ಕಟ್‌ನಲ್ಲೂ ಕಿವಿಗೆ ಗುಂಡಿ ಬಿದ್ದ ಹಾಗಾಗುತ್ತದೆ.

2 ನಿಮಿಷ ಅಂದರೆ 25 ಫ್ರೇಮಿನ ಲೆಕ್ಕದಲ್ಲಿ 3,000 ಫ್ರೇಮು. ಅದರಲ್ಲಿ ಮೊದಲ 48 ಸೆಕೆಂಡು ಏನೂ ಆಗುವುದಿಲ್ಲ. ರಾಟೆ, ಹಬೆ, ಕೈ, ಮತ್ತೆ ರಾಟೆ. ಗುಂಪಿನಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. ಅಷ್ಟೊತ್ತು ಯಾರು ಕಾಯ್ತಾರೆ, 20 ಸೆಕೆಂಡು ಸಾಕು ಅಂತ ಇಬ್ಬರು. ಎರಡೂ ಮಾಡಿ ಕ್ಲಾಸಿನವರಿಗೆ ತೋರಿಸಿದೆವು. 20 ಸೆಕೆಂಡಿನದರಲ್ಲಿ ಫೋನು ನಡುಗಿದಾಗ ಯಾರಿಗೂ ಏನೂ ಅನಿಸಲಿಲ್ಲ, ಅದೂ ಯೂನಿಟ್‌ನ ಇನ್ನೊಂದು ಸದ್ದು ಅಂದುಕೊಂಡರು. 48 ಸೆಕೆಂಡಿನದರಲ್ಲಿ ಮುಂದಿನ ಬೆಂಚಿನ ಹುಡುಗಿ ತನ್ನ ಬ್ಯಾಗ್ ತೆರೆದು ಫೋನು ನೋಡಿಕೊಂಡಳು. ಜಗಳ ಅಲ್ಲಿಗೆ ಮುಗಿಯಿತು.

ಟೈಟಲ್ ಬಗ್ಗೆ ಕ್ಲಾಸಿನಲ್ಲಿ ಕೇಳಿದ ಒಂದು ವಿಷಯ ನನಗೆ ತುಂಬ ಹಿಡಿಸಿತ್ತು. ಅಮೆರಿಕದ ಎಷ್ಟೋ ಥಿಯೇಟರುಗಳಲ್ಲಿ ಹಿಂದೆ ಹೆಸರುಗಳು ಓಡುವಾಗ ತೆರೆಯ ಮುಂದಿನ ಬಟ್ಟೆಯ ಪರದೆಯನ್ನೇ ಸರಿಸುತ್ತಿರಲಿಲ್ಲವಂತೆ. 1955ರಲ್ಲಿ ಸಾಲ್ ಬಾಸ್ ಅನ್ನುವ ವಿನ್ಯಾಸಕಾರ ಟೈಟಲ್ ಮಾಡಿಕೊಟ್ಟ ಒಂದು ಚಿತ್ರದ ರೀಲು ಡಬ್ಬಿಗಳ ಮೇಲೆ, ಟೈಟಲ್ ಬರುವ ಮುಂಚೆಯೇ ಪರದೆ ಸರಿಸಿ ಅಂತ ಆಪರೇಟರುಗಳಿಗೆ ಚೀಟಿ ಹಚ್ಚಿ ಕಳಿಸಿದರು. ಅಂದರೆ ಹೆಸರೂ ಸಿನಿಮಾದ ಒಳಗೇ ಸೇರಿದ್ದು. ನಾವೂ ಹೆಸರುಗಳನ್ನು ಕಪ್ಪು ಕಾರ್ಡಿನಲ್ಲಿ ಹಾಕದೆ ಹಬೆ ಏಳುವ ಕಪ್ಪು ಜಾಗದಲ್ಲಿ ಕೂರಿಸಿದೆವು. ಒಂದೊಂದು ಹೆಸರನ್ನೂ ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಬಿಟ್ಟೆವು.

ಆದರೆ ಕನ್ನಡ ಅಕ್ಷರ ನಮ್ಮನ್ನು ಕಾಡಿಸಿಬಿಟ್ಟಿತು. ಕಾಲೇಜಿನ ಲ್ಯಾಬ್‌ನ ಹಳೇ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದರೆ ಒತ್ತಕ್ಷರ ಬಿಚ್ಚಿಕೊಂಡು ಹೋಗುತ್ತಿತ್ತು. ಚಿಕ್ಕಬಳ್ಳಾಪುರ ಅಂತ ಬರೆದರೆ ಒತ್ತುಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದವು. ಹಳೇ ನುಡಿ ಫಾಂಟಿನಲ್ಲಿ ಮಾಡಿ ತಂದದ್ದು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಯಿತು. ಕೊನೆಗೆ ಯೂನಿಕೋಡ್ ಫಾಂಟಿನಲ್ಲಿ, ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಹೆಸರನ್ನೂ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ, ಆ ಚಿತ್ರವನ್ನೇ ವಿಡಿಯೋ ಮೇಲೆ ಇಟ್ಟೆವು. ಪ್ರೀಮಿಯರ್ ಪ್ರೊ ಎಡಿಟಿಂಗ್ ಸಾಫ್ಟ್‌ವೇರ್ ಇದ್ದವರು ಅದರ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಮಾಡಿಕೊಂಡರೆ ಈ ಕಷ್ಟ ಇಲ್ಲ. ದಯವಿಟ್ಟು ಒತ್ತು ತಪ್ಪಿದ ಟೈಟಲ್ ಹಾಗೇ ಬಿಡಬೇಡಿ, ಇಂಗ್ಲಿಷಿನಲ್ಲಿ ಹಾಕಿ ಕೈ ತೊಳೆದುಕೊಳ್ಳಲೂ ಬೇಡಿ.

ನಂದಿಬೆಟ್ಟದ ಸೂರ್ಯನನ್ನು ಎಲ್ಲಾದರೂ ತೂರಿಸಲು ಕೊನೆಯವರೆಗೂ ನೋಡಿದೆವು, ಆಗಲಿಲ್ಲ. ಚೆಂದ ಇತ್ತು, ಆದರೆ ಈ ಹೆಂಗಸಿಗೂ ಆ ಸೂರ್ಯನಿಗೂ ಸಂಬಂಧ ಇರಲಿಲ್ಲ. ತೆಗೆದುಹಾಕಿದೆವು.

ಒಪ್ಪಿಸುವ ಎರಡು ದಿನ ಮುಂಚೆ ನಾನು ಲ್ಯಾಪ್‌ಟಾಪ್ ತೆಗೆದುಕೊಂಡು ಯೂನಿಟ್‌ಗೆ ಹೋದೆ, ಅಕ್ಕನಿಗೆ ತೋರಿಸೋಣ ಅಂತ. ಹೆಸರುಗಳ ಸಾಲಿನಲ್ಲಿ "ಕೈಗಳು" ಅಂತ ಹಾಕಿ ಅವರ ಹೆಸರು ಬರೆದಿದ್ದೆವು. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತರು. ತಮ್ಮ ಹೆಸರು ಬಂದಾಗ ಅಕ್ಷರ ಕೂಡಿಸಿಕೊಂಡು ಓದಿದರು, ನಿಲ್ಲಿಸಿ ಇನ್ನೊಂದು ಸಲ ತೋರಿಸು ಅಂದರು. ಪೂರ್ತಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಳೆ ಕಡಿದಾಗ ಟಕ್ ಅಂತ ಸದ್ದು ಬಂತಲ್ಲಾ, ಅದೆಲ್ಲಿಂದ ತಂದ್ರಿ?"

ಪೊರಕೆ ಕಡ್ಡಿ ಮುರಿದು ರೆಕಾರ್ಡ್ ಮಾಡಿದ್ದು ಅಂತ ಹೇಳಿದೆ. ನಮಗೆ ಅದರ ಮೇಲೆ ತುಂಬ ಅಭಿಮಾನವಿತ್ತು, ಅದಕ್ಕೇ ಒಂದು ಇಡೀ ಸಂಜೆ ಕೊಟ್ಟಿದ್ದೆವು.

"ರೇಷ್ಮೆ ಕಡಿದ್ರೆ ಸದ್ದೇ ಬರಲ್ಲಮ್ಮಾ" ಅಂದರು. "ಬಂದಿದ್ರೆ ನಮಗೆ ಎಷ್ಟೋ ಸುಲಭ ಆಗ್ತಿತ್ತು."

ಅವತ್ತು ರಾತ್ರಿಯೇ ಕೂತು ಆ ಟಕ್ ತೆಗೆದೆ. ಅದರ ಜಾಗಕ್ಕೆ ಬೇರೆ ಏನನ್ನೂ ಹಾಕಲಿಲ್ಲ. ರಾಟೆಯ ಸದ್ದನ್ನೂ ಅಲ್ಲಿ 14 ಫ್ರೇಮು ಕತ್ತರಿಸಿದೆ, ಖಾಲಿ ಕೋಣೆಯ ಸದ್ದು ಮಾತ್ರ ಉಳಿಯಿತು. ಆಮೇಲೆ ರಾಟೆ ಮತ್ತೆ ತಿರುಗುತ್ತದೆ, ಎಳೆಯಿಲ್ಲದೆ. ಒಪ್ಪಿಸಿದ್ದು ಅದನ್ನೇ.