ತ್ಸೋರ್ನ್‌ಹೌ: ಅಲಗಿಗೆ ಅಲಗು ತಾಗಿದ ಮೇಲೆ

ಜರ್ಮನ್ ಲಾಂಗ್‌ಸೋರ್ಡ್ (ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕತ್ತಿ) ಅಭ್ಯಾಸದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ತ್ಸೋರ್ನ್‌ಹೌ ಎಂಬ ಏಟಿಗೆ. ಬಲ ಭುಜದಿಂದ ಓರೆಯಾಗಿ ಕೆಳಗಿಳಿಯುವ ಏಟು, ಅಷ್ಟೇ. 14ನೇ ಶತಮಾನದ ಕತ್ತಿವರಸೆ ಗುರು ಯೊಹಾನೆಸ್ ಲೀಷ್ಟನಾವರ್ ಹೆಸರಿನಲ್ಲಿ ಉಳಿದಿರುವ ಪದ್ಯಗಳ ಐದು ಮುಖ್ಯ ಏಟುಗಳಲ್ಲಿ ಇದೇ ಮೊದಲನೆಯದು. ಆ ಪದ್ಯಗಳು ಬರೀ ಒಗಟು. 15ನೇ ಶತಮಾನದ ಹಸ್ತಪ್ರತಿಗಳಲ್ಲಿ ರಿಂಗೆಕ್ ಮೊದಲಾದವರ ವಿವರಣೆ ಉಳಿಯದಿದ್ದರೆ ನಮಗೆ ಏನೂ ದಕ್ಕುತ್ತಿರಲಿಲ್ಲ. ಏಟು ಬೇಗ ಕೈಗೆ ಹತ್ತುತ್ತದೆ. ಅಲಗಿಗೆ ಅಲಗು ತಾಗಿದ ನಂತರದ ಅರೆಕ್ಷಣವೇ ಕಷ್ಟ.

ಅದನ್ನು ಕಲಿಯಲು ಫೆಡರ್ ಎಂಬ ಉಕ್ಕಿನ ಅಭ್ಯಾಸದ ಕತ್ತಿ ಬೇಕು. ನಾನು ಬಳಸುವುದು ಸುಮಾರು 130 ಸೆಂ.ಮೀ. ಉದ್ದದ, ಒಂದೂವರೆ ಕೆ.ಜಿ. ತೂಕದ್ದು. ಅಲಗು ತೆಳ್ಳಗಿದ್ದು ತಿವಿದಾಗ ಬಾಗುತ್ತದೆ, ಮೊನೆಯನ್ನು ಸುರುಳಿ ಸುತ್ತಿರುತ್ತಾರೆ, ಹಿಡಿಯ ಅಡ್ಡಪಟ್ಟಿಯ ಮೇಲೆ ಶಿಲ್ಟ್ ಎಂಬ ಅಗಲ ಭಾಗವಿರುತ್ತದೆ. ನೈಲಾನ್ ಕತ್ತಿ ಅಗ್ಗ, ಆದರೆ ತಾಗಿದೊಡನೆ ಪುಟಿಯುತ್ತದೆ. ಎದುರಿನವರ ಒತ್ತಡ ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಮರದ ಕತ್ತಿ ಬಾಗುವುದೇ ಇಲ್ಲ, ಹಾಗಾಗಿ ಅದರಲ್ಲಿ ತಿವಿತ ಬೇಡ. ಮೈಮೇಲೆ 1600 ನ್ಯೂಟನ್ ದರ್ಜೆಯ ಕತ್ತಿವರಸೆ ಮಾಸ್ಕ್, ಅದಕ್ಕೆ ತಲೆಯ ಹಿಂಭಾಗ ಮುಚ್ಚುವ ಹೊದಿಕೆ, ಗಂಟಲಿಗೆ ಗಟ್ಟಿ ಕಾಪು, ದಪ್ಪ ಜಾಕೆಟ್. ವೇಗ ಏರಿಸುವ ಮುನ್ನ ಭಾರದ ಕೈಗವಸು ಹಾಕಲೇಬೇಕು. ಹೆಬ್ಬೆರಳು, ಬೆರಳ ಗೆಣ್ಣುಗಳಿಗೇ ಪೆಟ್ಟು ಬೀಳುವುದು ಹೆಚ್ಚು.

ನಿಲುವು ಫೊಮ್ ಟಾಗ್: ಎಡಗಾಲು ಮುಂದೆ, ಕತ್ತಿ ಬಲ ಭುಜದ ಬಳಿ. ಎದುರಿನವರು ತಲೆಗೆ ಮೇಲಿನಿಂದ ಏಟು ಹಾಕುತ್ತಾರೆ. ನಾನು ಮೊದಲು ಕೈ ಕದಲಿಸುತ್ತೇನೆ, ಆಮೇಲೆ ಬಲಗಾಲನ್ನು ಮುಂದಕ್ಕೆ, ತುಸು ಬಲಕ್ಕೆ ಇಡುತ್ತೇನೆ. ಕಾಲು ಮೊದಲು ಹೋದರೆ ತಲೆ ಏಟಿನ ಕೆಳಗೇ ಹೋಗಿ ನಿಲ್ಲುತ್ತದೆ. ಉದ್ದ ಧಾರೆ, ಅಂದರೆ ಬೆರಳ ಗೆಣ್ಣುಗಳ ಕಡೆಯ ಧಾರೆ, ಮುಂದಾಗಿರಬೇಕು. ಏಟು ಮುಗಿದಾಗ ಕೈಗಳು ಹೊಕ್ಕುಳಿಗೂ ಎದೆಗೂ ನಡುವೆ, ಮೊನೆ ಎದುರಿನವರ ಮುಖದ ನೇರಕ್ಕೆ.

ಎಲ್ಲರನ್ನೂ ಕಾಡುವ ತಪ್ಪು ಎಂದರೆ ಕತ್ತಿಗೆ ಹೊಡೆಯುವುದು. ಕತ್ತಿಯನ್ನೇ ಗುರಿಯಿಟ್ಟರೆ ಮೊನೆ ಎಡಕ್ಕೆ ಹಾರಿಹೋಗುತ್ತದೆ. ರಕ್ಷಣೆಯೇನೋ ಆಯಿತು, ಬೆದರಿಕೆ ಉಳಿಯಲಿಲ್ಲ. ಇದನ್ನು ಹಿಡಿಯಲು ಸುಲಭ ಉಪಾಯವಿದೆ. ಹೇಳದೆ ಕೇಳದೆ ಆಗಾಗ ಏಟನ್ನು ಅರ್ಧಕ್ಕೇ ಹಿಂತೆಗೆಯಲು ಜೊತೆಗಾರರಿಗೆ ಹೇಳಿಡಿ. ಆಗ ನಿಮ್ಮ ಏಟು ಅವರ ಮಾಸ್ಕಿಗೆ ಬಿದ್ದರೆ ಸರಿ, ಬರೀ ಗಾಳಿ ಸೀಳಿದರೆ ನೀವು ಕತ್ತಿಯನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದಿರಿ.

ತಾಗಿದ ಮೇಲೆ ಕೈ ಕೇಳಬೇಕಾದ ಪ್ರಶ್ನೆ: ಅವರ ಒತ್ತಡ ಮೆತ್ತಗಿದೆಯೇ, ಬಿಗಿಯಾಗಿದೆಯೇ? ಇದಕ್ಕೆ ಜರ್ಮನ್ನರು ಫ್ಯೂಲನ್ ಅನ್ನುತ್ತಾರೆ. ಮೆತ್ತಗಿದ್ದರೆ ಅವರ ಕತ್ತಿಯ ಸಂಪರ್ಕ ಬಿಡದೆ ನೇರ ಮುಖಕ್ಕೆ ತಿವಿಯುವುದು. ಅದನ್ನು ಕಂಡು ಅವರು ಪಕ್ಕಕ್ಕೆ ತಳ್ಳಿದರೆ ತಡೆಯಲು ಹೋಗಬಾರದು. ನನ್ನ ಅಲಗನ್ನು ಅವರ ಅಲಗಿನುದ್ದಕ್ಕೂ ಮೇಲೆತ್ತಿ, ಮೊನೆ ದಾಟಿಸಿ, ಆಚೆ ಬದಿಯಿಂದ ತಲೆಗೆ ಹಾಕುವುದು. ತಳ್ಳದೆ ಬಿಗಿಯಾಗಿ ನಿಂತಿದ್ದರೆ ತಿರುಪು: ಕತ್ತಿ ಅಂಟಿಕೊಂಡೇ ಇರುತ್ತದೆ, ಹಿಡಿ ತಲೆಯ ಎಡ ಮುಂಭಾಗಕ್ಕೆ ಏರುತ್ತದೆ, ನನ್ನ ಅಲಗಿನ ಬುಡದ ಗಟ್ಟಿ ಭಾಗ ಅವರ ತುದಿಯ ದುರ್ಬಲ ಭಾಗವನ್ನು ಹಿಡಿಯುತ್ತದೆ, ಮೊನೆ ಮೇಲಿನಿಂದ ಮುಖಕ್ಕಿಳಿಯುತ್ತದೆ. ಬಲಗೈ ಬಿಗಿದಿದ್ದರೆ ಈ ಮೂರರಲ್ಲಿ ಒಂದೂ ಆಗದು. ಮೊಣಕೈಗೆ ಬೀಗ ಹಾಕಿದಂತಾಗಿ ನಿಮ್ಮ ಬಲವೇ ನಿಮಗೆ ತಿಳಿಯುತ್ತದೆ, ಅವರದ್ದಲ್ಲ. ಬಲಗೈ ಸಡಿಲವಿಟ್ಟು, ಎಡಗೈಯಿಂದ ಹಿಡಿಯ ತುದಿಯ ಗುಂಡನ್ನು ಸನ್ನೆಗೋಲಿನಂತೆ ಆಡಿಸಿ.

ಮೊದಲು ಕತ್ತಿ ತಾಗಿಸಿಯೇ ನಿಂತು, ಕಣ್ಣು ಮುಚ್ಚಿ, ಜೊತೆಗಾರರು ಒತ್ತಡ ಬದಲಿಸಿದಂತೆ ಉತ್ತರ ಕೊಡುವ ಅಭ್ಯಾಸ ಮಾಡಬೇಕು. ಆಮೇಲೆ ನಿಧಾನದ ಏಟು, ಇಬ್ಬರದ್ದೂ ಒಂದೇ ನಿಧಾನ. ಒಬ್ಬರು ಮೆಲ್ಲಗೆ ಹೊಡೆದು ಇನ್ನೊಬ್ಬರು ಸರಕ್ಕನೆ ತಿರುಗಿಸಿದರೆ ಎಲ್ಲ ವಿದ್ಯೆಯೂ ಫಲಿಸಿದಂತೆ ಕಾಣುತ್ತದೆ! ಮರ್ಯಾದೆಗೆಂದು ಮುಟ್ಟದ ದೂರದಲ್ಲಿ ಹೊಡೆಯುವ ಜೊತೆಗಾರರಿಂದಲೂ ಇದೇ ನಷ್ಟ. ಏಟು ತಡೆಯದಿದ್ದರೆ ಮಾಸ್ಕಿಗೆ ಬೀಳುವಂತಿರಬೇಕು.

ಅಭ್ಯಾಸ ಮುಗಿದ ಮೇಲೆ ಬೆವರು ಒರೆಸಿ, ಹತ್ತಿ ಬಟ್ಟೆಯನ್ನು ಧಾರೆಯುದ್ದಕ್ಕೂ ಎಳೆಯುತ್ತೇನೆ. ನೂಲು ಸಿಕ್ಕಿಕೊಂಡಲ್ಲಿ ಮುಳ್ಳು ಎದ್ದಿದೆ. ಅರದಿಂದ ಉಜ್ಜಿ, ಎಮರಿ ಕಾಗದದಿಂದ ನಯ ಮಾಡಿ, ತೆಳುವಾಗಿ ಎಣ್ಣೆ ಸವರಿದರೆ ಆಯಿತು. ಬಳಸುತ್ತ ಬಳಸುತ್ತ ಬರುವ ಉದ್ದನೆಯ ಬಾಗು ಕೈಯಲ್ಲೇ ನೇರವಾಗುತ್ತದೆ. ಒಂದೇ ಜಾಗದಲ್ಲಿ ಮೂಲೆಯಂತೆ ಮಡಿಚಿದ್ದರೆ ಅಥವಾ ಕೂದಲೆಳೆಯಷ್ಟು ಬಿರುಕು ಕಂಡರೆ ಆ ಫೆಡರನ್ನು ಮತ್ತೆ ಯಾರ ಎದುರೂ ಎತ್ತುವುದಿಲ್ಲ.